ಥ್ರೆಡ್ ಬಳಸುವ ಪ್ರೋಗ್ರಾಮಿಗೆ ಸ್ಟ್ಯಾಟಿಕ್ ಲಿಂಕೋ, ಡೈನಮಿಕ್ ಲಿಂಕೋ?

ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಬೈನರಿಯೊಳಗೇ ಸೇರಿಸಿಬಿಡುವುದು ಸ್ಟ್ಯಾಟಿಕ್ ಲಿಂಕ್; ಅವನ್ನು ಬೇರೆ ಫೈಲ್‌ಗಳಾಗಿ ಬಿಟ್ಟು ಓಡುವಾಗ ಲೋಡ್ ಮಾಡುವುದು ಡೈನಮಿಕ್ ಲಿಂಕ್. ಲಿನಕ್ಸ್‌ನಲ್ಲಿ ಥ್ರೆಡ್ (ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ಓಡುವ ಎಳೆ) ಹುಟ್ಟಿಸುವುದು ಕರ್ನಲ್. ಪ್ರೋಗ್ರಾಮನ್ನು ಹೇಗೆ ಲಿಂಕ್ ಮಾಡಿದ್ದಾರೆ ಎಂಬುದು ಅದಕ್ಕೆ ಗೊತ್ತೂ ಇಲ್ಲ, ಬೇಕೂ ಇಲ್ಲ. ಎರಡೂ ಬಗೆಯಲ್ಲಿ ಥ್ರೆಡ್ ಹುಟ್ಟಲು ಅದೇ ಕ್ಲೋನ್ ಸಿಸ್ಟಮ್ ಕಾಲ್, ಮ್ಯೂಟೆಕ್ಸಿಗಾಗಿ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಲ್ಲ ಲಾಕ್) ಕಾಯಲು ಅದೇ ಫ್ಯೂಟೆಕ್ಸ್ ಕಾಲ್, ಸರದಿ ಕೊಡಲು ಅದೇ ಶೆಡ್ಯೂಲರ್. ಆದ್ದರಿಂದ ಸ್ಟ್ಯಾಟಿಕ್ ಮಾಡಿದ ಮಾತ್ರಕ್ಕೆ ಥ್ರೆಡ್‌ಗಳು ಚುರುಕಾಗುವುದಿಲ್ಲ.

ಬದಲಾಗುವುದು ಥ್ರೆಡ್‌ನ ಸುತ್ತಲಿನ ಸರಂಜಾಮು. ಥ್ರೆಡ್‌ಗೆ ಎಷ್ಟು ಸ್ಟ್ಯಾಕ್ ಸಿಗುತ್ತದೆ, ಅದರ ಸ್ವಂತ ವೇರಿಯಬಲ್‌ಗಳು ಎಲ್ಲಿ ಕೂರುತ್ತವೆ, ಮೆಮೊರಿ ಕೊಡುವ ಮ್ಯಾಲಕ್ ಎಷ್ಟು ಲಾಕ್ ಹಿಡಿಯುತ್ತದೆ, ಪ್ರೋಸೆಸ್ಸಿನೊಳಗೆ ಸಿ ಲೈಬ್ರರಿ ಒಂದೇ ಇದೆಯೇ ಎರಡು ಪ್ರತಿ ಸೇರಿಕೊಂಡಿವೆಯೇ ಎಂಬುದೆಲ್ಲ ಲಿಂಕ್ ಮಾಡುವಾಗಲೇ ತೀರ್ಮಾನವಾಗುತ್ತದೆ. ಪರೀಕ್ಷೆಯಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಮ್ ನಿಜವಾದ ಸರ್ವರ್‌ನಲ್ಲಿ ಬೀಳುವುದು ಹೆಚ್ಚಾಗಿ ಇಲ್ಲೇ.

ಲಿನಕ್ಸ್‌ನಲ್ಲಿ ಸಿ ಲೈಬ್ರರಿ ಎಂದರೆ ಹೆಚ್ಚಾಗಿ ಜಿಲಿಬ್‌ಸಿ, ಇಲ್ಲವೇ ಚಿಕ್ಕದಾದ ಮಸ್ಲ್. ಆಯ್ಕೆಗಳು ಹೆಸರಿಗೆ ಎರಡಾದರೂ ಕೆಲಸದಲ್ಲಿ ನಾಲ್ಕು: ಡೈನಮಿಕ್ ಜಿಲಿಬ್‌ಸಿ, ಸ್ಟ್ಯಾಟಿಕ್ ಜಿಲಿಬ್‌ಸಿ, ಸ್ಟ್ಯಾಟಿಕ್ ಮಸ್ಲ್, ಮತ್ತು ಸಿ ಲೈಬ್ರರಿ ಡೈನಮಿಕ್ ಆಗಿಯೇ ಇದ್ದು ಉಳಿದ ಲೈಬ್ರರಿಗಳನ್ನು ಒಳಗೆ ಸೇರಿಸಿಕೊಂಡ ಅರೆಬರೆ ಬಗೆ.

ಅವಸರದಲ್ಲಿರುವವರಿಗೆ ತೀರ್ಪು ಇಷ್ಟು. ಪ್ಲಗಿನ್ ಲೋಡ್ ಮಾಡುವ ಅಥವಾ ಹತ್ತಾರು ಥ್ರೆಡ್‌ಗಳಲ್ಲಿ ಬಿಡುವಿಲ್ಲದೆ ಮೆಮೊರಿ ಕೇಳುವ ಸರ್ವರ್‌ಗೆ ಡೈನಮಿಕ್ ಜಿಲಿಬ್‌ಸಿ. ಒಂದೇ ಫೈಲಾಗಿ ಎಲ್ಲಿ ಬೇಕಾದರೂ ಕಾಪಿ ಮಾಡಿ ಓಡಿಸಬೇಕಾದ ಟೂಲ್‌ಗೆ ಸ್ಟ್ಯಾಟಿಕ್ ಮಸ್ಲ್; ಆದರೆ ಸ್ಟ್ಯಾಕ್ ಅಳತೆಯನ್ನು ನೀವೇ ಹೇಳಬೇಕು, ಮೆಮೊರಿ ಕೆಲಸ ಜಾಸ್ತಿ ಇದ್ದರೆ ಅಲೊಕೇಟರ್ (ಮೆಮೊರಿ ಹಂಚುವ ಕೋಡ್) ಕೂಡ ಬದಲಿಸಬೇಕು. ಸ್ಟ್ಯಾಟಿಕ್ ಜಿಲಿಬ್‌ಸಿ ಬೇಕೇ ಬೇಕೆಂದರೆ 2.34 ಅಥವಾ ಅದಕ್ಕಿಂತ ಹೊಸದು, ಅದೂ ಪ್ರೋಗ್ರಾಮ್ ಹೋಸ್ಟ್ ಹೆಸರು, ಬಳಕೆದಾರರ ಹೆಸರು ಹುಡುಕದಿದ್ದರೆ ಮಾತ್ರ. ಅರೆಬರೆ ಬಗೆ ಎಲ್ಲಕ್ಕಿಂತ ಮೋಸದ್ದು. ಕಾರಣಗಳು ಮುಂದೆ.

2.34ಕ್ಕೆ ಮೊದಲಿನ ಜಿಲಿಬ್‌ಸಿ ಮತ್ತು ಸೊನ್ನೆ ವಿಳಾಸಕ್ಕೆ ಜಿಗಿತ

2021ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.34ರವರೆಗೆ ಥ್ರೆಡ್ ಫಂಕ್ಷನ್‌ಗಳು ಲಿಬ್‌ಪಿಥ್ರೆಡ್ ಎಂಬ ಬೇರೆ ಲೈಬ್ರರಿಯಲ್ಲಿದ್ದವು. ಥ್ರೆಡ್ ಬಳಸದ ಪ್ರೋಗ್ರಾಮಿಗೆ ಲಾಕ್‌ನ ಖರ್ಚು ಬೀಳಬಾರದೆಂದು ಸಿ ಲೈಬ್ರರಿಯೂ ಸಿ++ ಲೈಬ್ರರಿಯೂ ಆ ಫಂಕ್ಷನ್‌ಗಳನ್ನು ವೀಕ್ ಸಿಂಬಲ್ ಆಗಿ, ಅಂದರೆ ಸಿಗದಿದ್ದರೂ ಲಿಂಕ್ ಸೋಲದ ಹೆಸರಾಗಿ, ಉಲ್ಲೇಖಿಸುತ್ತಿದ್ದವು. ಸಿಂಬಲ್ ಸಿಕ್ಕರೆ ಪ್ರೋಗ್ರಾಮಿನಲ್ಲಿ ಥ್ರೆಡ್ ಇದೆ ಎಂದು ಲೆಕ್ಕ, ಸಿಗದಿದ್ದರೆ ಅದರ ಬೆಲೆ ಸೊನ್ನೆ, ಅಂದರೆ ಥ್ರೆಡ್ ಇಲ್ಲ, ಲಾಕ್ ಬೇಕಿಲ್ಲ.

ಡೈನಮಿಕ್ ಲಿಂಕಿಂಗ್‌ನಲ್ಲಿ ಈ ಉಪಾಯ ಚೆನ್ನಾಗಿಯೇ ನಡೆಯುತ್ತಿತ್ತು. ಲಿಬ್‌ಪಿಥ್ರೆಡ್ ಲೋಡ್ ಆದರೆ ಇಡೀ ಫೈಲ್ ಬರುತ್ತದೆ, ಎಲ್ಲ ಸಿಂಬಲ್‌ಗಳೂ ಒಟ್ಟಿಗೆ ಸಿಗುತ್ತವೆ. ಸ್ಟ್ಯಾಟಿಕ್ ಲೈಬ್ರರಿಯ ನಿಯಮ ಬೇರೆ. ಅದು ಹಲವು ಆಬ್ಜೆಕ್ಟ್ ಫೈಲ್‌ಗಳ ಗಂಟು, ಅಂದರೆ ಆರ್ಕೈವ್. ಯಾರಾದರೂ ಖಡಾಖಂಡಿತವಾಗಿ ಕೇಳಿದ ಫೈಲನ್ನು ಮಾತ್ರ ಲಿಂಕರ್ ಬಿಚ್ಚಿ ತೆಗೆಯುತ್ತದೆ. ವೀಕ್ ಉಲ್ಲೇಖ ಕೇಳಿದ ಲೆಕ್ಕಕ್ಕೆ ಬರುವುದಿಲ್ಲ. ಪರಿಣಾಮವಾಗಿ ಥ್ರೆಡ್ ಹುಟ್ಟಿಸುವ ಫಂಕ್ಷನ್ ಒಳಗೆ ಬಂದಿರುತ್ತದೆ, ಕಂಡೀಷನ್ ವೇರಿಯಬಲ್‌ನ (ಒಂದು ಥ್ರೆಡ್ ಇನ್ನೊಂದಕ್ಕಾಗಿ ಕಾಯುವ ಸಾಧನ) ಫಂಕ್ಷನ್ ಹೊರಗೇ ಉಳಿದಿರುತ್ತದೆ. ಸಿ++ ಲೈಬ್ರರಿ ಒಂದು ಸಿಂಬಲ್ ನೋಡಿ ಥ್ರೆಡ್ ಇದೆ ಎಂದು ನಂಬುತ್ತದೆ, ಮತ್ತೊಂದನ್ನು ಕರೆಯುತ್ತದೆ, ಅದರ ವಿಳಾಸ ಸೊನ್ನೆ. ಲಿಂಕರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರುವುದಿಲ್ಲ. ಡಿಬಗರ್‌ನಲ್ಲಿ ಕಾಲ್ ಸ್ಟ್ಯಾಕ್‌ನ ತುದಿಯಲ್ಲಿ 0x0 ಎಂಬ ವಿಳಾಸ, ಅದರ ಕೆಳಗೆ ಕಂಡೀಷನ್ ವೇರಿಯಬಲ್ ಅಥವಾ ಥ್ರೆಡ್ ಜಾಯಿನ್ ಕಂಡರೆ ರೋಗ ಇದೇ.

ಹಳೆಯ ಸಿಸ್ಟಮ್‌ನಲ್ಲಿ ಇದಕ್ಕೆ ಮದ್ದು ಲಿಬ್‌ಪಿಥ್ರೆಡ್‌ನ ಇಡೀ ಗಂಟನ್ನು ಒಳಗೆ ತುಂಬುವುದು. ಲಿಂಕ್ ಸಾಲಿನಲ್ಲಿ -ಎಲ್‌ಪಿಥ್ರೆಡ್‌ಗೆ ಮೊದಲು --ಹೋಲ್-ಆರ್ಕೈವ್, ಅದಾದ ಕೂಡಲೇ --ನೋ-ಹೋಲ್-ಆರ್ಕೈವ್ ಎಂಬ ಲಿಂಕರ್ ಆಯ್ಕೆಗಳನ್ನು ಕೊಡಬೇಕು. ಎರಡನೆಯದನ್ನು ಮರೆತರೆ ಮುಂದೆ ಬರುವ ಲೈಬ್ರರಿಗಳೂ ಪೂರ್ತಿ ಒಳಗೆ ನುಗ್ಗಿ, ಒಂದೇ ಸಿಂಬಲ್ ಎರಡು ಸಲ ಎಂಬ ದೋಷಗಳ ರಾಶಿ ಬೀಳುತ್ತದೆ.

2.34ರಿಂದ ಲಿಬ್‌ಪಿಥ್ರೆಡ್ ಸಿ ಲೈಬ್ರರಿಯೊಳಗೇ ಸೇರಿಹೋಗಿದೆ. ಹಳೆಯ ಬಿಲ್ಡ್ ಫೈಲ್‌ಗಳು ಮುರಿಯದಿರಲಿ ಎಂದು ಆ ಹೆಸರಿನ ಖಾಲಿ ಆರ್ಕೈವ್ ಮಾತ್ರ ಉಳಿದಿದೆ. ಆದರೆ ಹೊಸ ಜಿಲಿಬ್‌ಸಿ ಒಂದಿದ್ದರೆ ಸಾಲದು. ನಿಮ್ಮ ಸಿ++ ಲೈಬ್ರರಿಯೂ ಅದರ ಮೇಲೆಯೇ ಕಂಪೈಲ್ ಆಗಿರಬೇಕು. ಹಳೆಯ ಸಿಸ್ಟಮ್‌ನಲ್ಲಿ ಕಂಪೈಲ್ ಆದ ಆರ್ಕೈವ್‌ನಲ್ಲಿ ವೀಕ್ ಉಲ್ಲೇಖಗಳು ಹಾಗೇ ಇರುತ್ತವೆ, ಹಳೆಯ ಕಾಯಿಲೆ ಹೊಸ ಸಿಸ್ಟಮ್‌ಗೂ ಬರುತ್ತದೆ.

ಡೈನಮಿಕ್ ಬಗೆಯಲ್ಲೂ ಹಳೆಯ ಜಿಲಿಬ್‌ಸಿ ನಿರಪಾಯವೇನಲ್ಲ. -ಪಿಥ್ರೆಡ್ ಎಂಬ ಕಂಪೈಲರ್ ಆಯ್ಕೆ ಕೊಡದೆ ಲಿಂಕ್ ಮಾಡಿದ ಸಿ++ ಪ್ರೋಗ್ರಾಮ್ ಮೊದಲ ಥ್ರೆಡ್‌ಗೇ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂಬ ಎಕ್ಸೆಪ್ಷನ್ ಎಸೆದು ಸಾಯುತ್ತಿತ್ತು. ಅನುಮತಿಗೂ ಇದಕ್ಕೂ ಸಂಬಂಧವೇ ಇಲ್ಲ, ಲೈಬ್ರರಿ ಲೋಡ್ ಆಗಿಲ್ಲ ಅಷ್ಟೇ. ಯಾವ ಬಗೆಯಾದರೂ -ಎಲ್‌ಪಿಥ್ರೆಡ್ ಬದಲು -ಪಿಥ್ರೆಡ್ ಬರೆಯುವುದು ಒಳ್ಳೆಯದು, ಅದನ್ನೂ ಕಂಪೈಲ್ ಹಂತ ಮತ್ತು ಲಿಂಕ್ ಹಂತ ಎರಡಕ್ಕೂ. ಬೇಕಾದ ಮ್ಯಾಕ್ರೋವನ್ನೂ ಲೈಬ್ರರಿಯನ್ನೂ ಅದೊಂದೇ ನೋಡಿಕೊಳ್ಳುತ್ತದೆ.

ಇದೇ ದೋಷದ ಮಾತು ಹೊಸ ಕಾಲದಲ್ಲಿ ಬೇರೆ ಕಾರಣಕ್ಕೂ ಕಾಣಿಸುತ್ತದೆ. 2.34 ಥ್ರೆಡ್ ಹುಟ್ಟಿಸಲು ಮೊದಲು ಕ್ಲೋನ್3 ಕಾಲ್ ಪ್ರಯತ್ನಿಸುತ್ತದೆ. ಕರ್ನಲ್ ‘ಅಂಥ ಕಾಲ್ ಇಲ್ಲ’ ಎಂದರೆ ಹಳೆಯ ಕ್ಲೋನ್‌ಗೆ ಇಳಿಯುತ್ತದೆ. ಆದರೆ ಕಂಟೇನರ್ ಓಡಿಸುವ ಡಾಕರ್‌ನ 20.10.10ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಸಿಸ್ಟಮ್ ಕಾಲ್‌ಗಳನ್ನು ಸೋಸುವ ಸೆಕ್‌ಕಾಂಪ್ ಜರಡಿ ‘ಅನುಮತಿ ಇಲ್ಲ’ ಎನ್ನುತ್ತದೆ, ಜಿಲಿಬ್‌ಸಿ ಅಲ್ಲಿಗೇ ಕೈಚೆಲ್ಲುತ್ತದೆ. ಹೊಸ ಸ್ಟ್ಯಾಟಿಕ್ ಬೈನರಿಯನ್ನು ಹಳೆಯ ಡಾಕರ್ ಇರುವ ಸರ್ವರ್‌ಗೆ ಒಯ್ದಾಗ ಇದು ಎದುರಾಗುತ್ತದೆ, ಏಕೆಂದರೆ ಸ್ಟ್ಯಾಟಿಕ್ ಬೈನರಿ ತನ್ನ ಸಿ ಲೈಬ್ರರಿಯನ್ನು ಹೊತ್ತುಕೊಂಡೇ ಹೋಗುತ್ತದೆ. ಡಾಕರನ್ನು ಹೊಸದಾಗಿಸುವುದೇ ಸರಿಯಾದ ದಾರಿ. ಸೆಕ್‌ಕಾಂಪನ್ನೇ ಆಫ್ ಮಾಡುವುದು ಪತ್ತೆ ಹಚ್ಚಲು ಸರಿ, ದಿನನಿತ್ಯಕ್ಕಲ್ಲ.

ಥ್ರೆಡ್‌ನ ಸ್ವಂತ ವೇರಿಯಬಲ್‌ಗಳು

ಎರಡೂ ಬಗೆಯ ವ್ಯತ್ಯಾಸ ಅತಿ ಸ್ಪಷ್ಟವಾಗಿ ಕಾಣುವುದು ಥ್ರೆಡ್ ಲೋಕಲ್ ಸ್ಟೋರೇಜ್‌ನಲ್ಲಿ, ಅಂದರೆ ಟಿಎಲ್‌ಎಸ್‌ನಲ್ಲಿ. ಸ್ಟ್ಯಾಟಿಕ್ ಪ್ರೋಗ್ರಾಮಿನಲ್ಲಿ ಯಾವ ಥ್ರೆಡ್ ಲೋಕಲ್ ವೇರಿಯಬಲ್ ಎಷ್ಟು ದೂರದಲ್ಲಿದೆ ಎಂಬುದು ಲಿಂಕ್ ಮಾಡುವಾಗಲೇ ಗೊತ್ತು. ಆದ್ದರಿಂದ ಲಿಂಕರ್ ಪ್ರತಿಯೊಂದು ಬಳಕೆಯನ್ನೂ ಲೋಕಲ್-ಎಕ್ಸೆಕ್ ಎಂಬ ಅತಿ ಸರಳ ಮಾದರಿಗೆ ಇಳಿಸುತ್ತದೆ. 64 ಬಿಟ್ ಇಂಟೆಲ್, ಎಎಂಡಿ ಪ್ರೋಸೆಸರ್‌ಗಳಲ್ಲಿ ಎಫ್‌ಎಸ್ ರಿಜಿಸ್ಟರ್‌ನಿಂದ ಇಷ್ಟು ದೂರ ಎಂಬ ಒಂದೇ ಸೂಚನೆಯಲ್ಲಿ ಕೆಲಸ ಮುಗಿಯುತ್ತದೆ.

ಶೇರ್ಡ್ ಲೈಬ್ರರಿಯೊಳಗಿನ ಕೋಡ್‌ಗೆ ಆ ಭಾಗ್ಯವಿಲ್ಲ. ಅದನ್ನು ಯಾರು ಯಾವಾಗ ಲೋಡ್ ಮಾಡುತ್ತಾರೋ ತಿಳಿಯದು, ಹಾಗಾಗಿ ಜನರಲ್-ಡೈನಮಿಕ್ ಮಾದರಿಯಲ್ಲಿ ಪ್ರತಿ ಸಲ ವಿಳಾಸ ಕೇಳುವ ಫಂಕ್ಷನ್ ಕರೆಯಬೇಕು. ಒಂದು ಕೌಂಟರ್‌ಗೆ ಇದು ಗಮನಕ್ಕೂ ಬಾರದು. ಬಿಗಿಯಾದ ಲೂಪ್‌ನ ಒಳಗೆ ಥ್ರೆಡ್ ಲೋಕಲ್ ಬಫರ್ ಮುಟ್ಟುವ ಕೋಡ್‌ನಲ್ಲಿ ಪ್ರೊಫೈಲರ್‌ನಲ್ಲೇ ಎದ್ದು ಕಾಣುತ್ತದೆ. ಲೂಪಿಗೆ ಮೊದಲು ವಿಳಾಸವನ್ನು ಒಂದು ಸಾಮಾನ್ಯ ಪಾಯಿಂಟರ್‌ಗೆ ತೆಗೆದುಕೊಂಡರೆ ಖರ್ಚಿನ ಬಹುಪಾಲು ಹೋಗುತ್ತದೆ. ಇದಕ್ಕಾಗಿ ಸ್ಟ್ಯಾಟಿಕ್‌ಗೆ ಜಿಗಿಯಬೇಕಿಲ್ಲ. 64 ಬಿಟ್ ಆರ್ಮ್‌ನಲ್ಲಿ ಡಿಸ್ಕ್ರಿಪ್ಟರ್ ಎಂಬ ಇನ್ನೂ ಹಗುರವಾದ ಪದ್ಧತಿಯೇ ಡಿಫಾಲ್ಟ್, ಇಂಟೆಲ್‌ನಲ್ಲಿ ಅದನ್ನು ಕೇಳಿ ಪಡೆಯಬೇಕು.

ಲೈಬ್ರರಿ ಬರೆಯುವ ಕೆಲವರು ಆ ಕಾಲ್ ತಪ್ಪಿಸಲು ಇನಿಷಿಯಲ್-ಎಕ್ಸೆಕ್ ಮಾದರಿ ಹಾಕಿಬಿಡುತ್ತಾರೆ. ಪ್ರೋಗ್ರಾಮ್ ಶುರುವಾಗುವಾಗಲೇ ಆ ಲೈಬ್ರರಿ ಲೋಡ್ ಆದರೆ ತೊಂದರೆಯಿಲ್ಲ. ನಡುವೆ ಡಿಎಲ್‌ಓಪನ್ (ಓಡುವಾಗ ಲೈಬ್ರರಿ ಲೋಡ್ ಮಾಡುವ ಫಂಕ್ಷನ್) ಮೂಲಕ ಬಂದರೆ, ಈಗಾಗಲೇ ಹುಟ್ಟಿರುವ ಥ್ರೆಡ್‌ಗಳ ಟಿಎಲ್‌ಎಸ್ ಬ್ಲಾಕ್‌ನಲ್ಲಿ ಮಿಕ್ಕಿರುವ ಚೂರು ಜಾಗದಲ್ಲೇ ಅದು ಹಿಡಿಸಬೇಕು. ಜಿಲಿಬ್‌ಸಿ ಇದಕ್ಕೆಂದು ಇಡುವ ಐಚ್ಛಿಕ ಜಾಗ ಡಿಫಾಲ್ಟ್ ಆಗಿ 512 ಬೈಟ್. ಮುಗಿದರೆ ‘ಕೆನಾಟ್ ಅಲೊಕೇಟ್ ಮೆಮೊರಿ ಇನ್ ಸ್ಟ್ಯಾಟಿಕ್ ಟಿಎಲ್‌ಎಸ್ ಬ್ಲಾಕ್’ ಎಂಬ ದೋಷ. ಆರ್ಮ್ ಬೋರ್ಡ್‌ಗಳಲ್ಲಿ ಪೈಥಾನ್ ಪ್ಯಾಕೇಜ್‌ಗಳು ಲಿಬ್‌ಗಾಂಪ್ ಎಂಬ ಲೈಬ್ರರಿಯನ್ನು ಎಳೆದಾಗ ಈ ಸಾಲು ಕಂಡವರು ಬಹಳ ಮಂದಿ. ಪರಿಹಾರ ಎರಡು: ಆ ಲೈಬ್ರರಿಯನ್ನು ಎಲ್‌ಡಿ_ಪ್ರಿಲೋಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಶುರುವಿನಲ್ಲೇ ತರಿಸುವುದು, ಇಲ್ಲವೇ ಜಿಲಿಬ್‌ಸಿ_ಟ್ಯೂನಬಲ್ಸ್ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಆರ್‌ಟಿಎಲ್‌ಡಿ ಗುಂಪಿನ ಆಪ್ಷನಲ್_ಸ್ಟ್ಯಾಟಿಕ್_ಟಿಎಲ್‌ಎಸ್ ಮೌಲ್ಯವನ್ನು 2048ರಷ್ಟಕ್ಕೆ ಏರಿಸುವುದು. ಜೆಮ್ಯಾಲಕ್ ಎಂಬ ಬೇರೆ ಅಲೊಕೇಟರನ್ನು ಪ್ಲಗಿನ್ ಒಳಗಿಂದ ಲೋಡ್ ಮಾಡುವವರು ಅದನ್ನು ಬಿಲ್ಡ್ ಮಾಡುವಾಗಲೇ ಇನಿಷಿಯಲ್-ಎಕ್ಸೆಕ್ ಬೇಡ ಎಂಬ ಆಯ್ಕೆ ಕೊಡಬಹುದು. ಸ್ಟ್ಯಾಟಿಕ್ ಪ್ರೋಗ್ರಾಮಿನಲ್ಲಿ ಈ ದೋಷ ಹುಟ್ಟುವುದಕ್ಕೇ ಜಾಗವಿಲ್ಲ.

ಸ್ಟ್ಯಾಟಿಕ್‌ನವರು ಬೇರೆ ಕಡೆ ಬೆಲೆ ತೆರುತ್ತಾರೆ. ಒಳಗೆ ಸೇರಿದ ಎಲ್ಲ ಲೈಬ್ರರಿಗಳ ಟಿಎಲ್‌ಎಸ್ ಕೂಡ ಪ್ರತಿ ಥ್ರೆಡ್ ಹುಟ್ಟಿದಾಗಲೇ ಸಿದ್ಧವಾಗಬೇಕು, ಆ ಥ್ರೆಡ್ ಅದನ್ನು ಮುಟ್ಟಲಿ ಬಿಡಲಿ. ಯಾವುದೋ ಲೈಬ್ರರಿ 64 ಕಿಲೋಬೈಟ್‌ನ ಥ್ರೆಡ್ ಲೋಕಲ್ ಬಫರ್ ಇಟ್ಟಿದೆ, ನಿಮ್ಮ ಪ್ರೋಗ್ರಾಮಿನಲ್ಲಿ 200 ಥ್ರೆಡ್ ಇವೆ ಎಂದರೆ 12.5 ಮೆಗಾಬೈಟ್ ಹೋಯಿತು. ಜಿಲಿಬ್‌ಸಿ ಆ ಜಾಗಕ್ಕೆ ಸೊನ್ನೆ ತುಂಬುವುದರಿಂದ ಅದು ಬರೀ ಲೆಕ್ಕದ ಮೆಮೊರಿ ಅಲ್ಲ, ನಿಜವಾಗಿ ಖರ್ಚಾಗುವ ಮೆಮೊರಿ. ಡಿಎಲ್‌ಓಪನ್ ಮೂಲಕ ಬಂದ ಲೈಬ್ರರಿಯಾದರೆ ಜಿಲಿಬ್‌ಸಿ ಮೊದಲ ಸಲ ಮುಟ್ಟಿದ ಥ್ರೆಡ್‌ಗೆ ಮಾತ್ರ ಜಾಗ ಕೊಡುತ್ತದೆ. ಆದರೆ ಆ ಮೊದಲ ಮುಟ್ಟುವಿಕೆ ಮೆಮೊರಿ ಕೇಳಬಹುದು, ಆದ್ದರಿಂದ ಸಿಗ್ನಲ್ ಹ್ಯಾಂಡ್ಲರ್‌ನೊಳಗೆ ಅಂಥ ವೇರಿಯಬಲ್ ಮುಟ್ಟುವುದು ಅಪಾಯ. ಮಸ್ಲ್ ಲೋಡ್ ಮಾಡುವ ಕ್ಷಣದಲ್ಲೇ ಇರುವ ಎಲ್ಲ ಥ್ರೆಡ್‌ಗಳಿಗೂ ಜಾಗ ಮಾಡಿಬಿಡುತ್ತದೆ. ಈ ವಿಷಯದಲ್ಲಿ ಅದರ ನಡೆ ಹೆಚ್ಚು ನೇರ.

ಇನ್ನೊಂದು ಸೂಕ್ಷ್ಮ. ಜಿಲಿಬ್‌ಸಿ ಟಿಎಲ್‌ಎಸ್ ಬ್ಲಾಕನ್ನು ಥ್ರೆಡ್‌ನ ಸ್ಟ್ಯಾಕ್‌ನೊಳಗಿಂದಲೇ ಕತ್ತರಿಸಿಕೊಳ್ಳುತ್ತದೆ. ನೀವು 16 ಕಿಲೋಬೈಟ್ ಸ್ಟ್ಯಾಕ್ ಕೇಳಿ, ಟಿಎಲ್‌ಎಸ್ಸೇ ಅದಕ್ಕಿಂತ ದೊಡ್ಡದಿದ್ದರೆ ಪಿಥ್ರೆಡ್_ಕ್ರಿಯೇಟ್ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ಹಿಂದಿರುಗುತ್ತದೆ. ಡೈನಮಿಕ್ ಬಿಲ್ಡ್‌ನಲ್ಲಿ ನಡೆದ ಅದೇ ಅಳತೆ ಸ್ಟ್ಯಾಟಿಕ್‌ನಲ್ಲಿ ಸೋಲಲು ಇದೊಂದು ಕಾರಣ. ಮಸ್ಲ್ ನೀವು ಕೇಳಿದ ಸ್ಟ್ಯಾಕ್‌ನ ಮೇಲೆ ಟಿಎಲ್‌ಎಸ್‌ನ ಅಳತೆಯನ್ನು ಕೂಡಿಸುತ್ತದೆ.

ಸ್ಟ್ಯಾಕ್: 8 ಮೆಗಾಬೈಟ್ ಎಲ್ಲಿ, 128 ಕಿಲೋಬೈಟ್ ಎಲ್ಲಿ

ಇದು ಲಿಂಕಿಂಗ್‌ಗಿಂತ ಸಿ ಲೈಬ್ರರಿಯ ವ್ಯತ್ಯಾಸ ಎನ್ನಬೇಕು. ಆದರೆ ಸ್ಟ್ಯಾಟಿಕ್‌ಗೆ ಹೋಗುವವರು ಮಸ್ಲ್‌ಗೂ ಹೋಗುವುದರಿಂದ ಎರಡೂ ಒಟ್ಟಿಗೇ ತಲೆಗೆ ಬರುತ್ತವೆ.

ಜಿಲಿಬ್‌ಸಿ ಹೊಸ ಥ್ರೆಡ್‌ಗೆ ಸ್ಟ್ಯಾಕ್ ಮಿತಿಯನ್ನು, ಅಂದರೆ ಯುಲಿಮಿಟ್ ತೋರಿಸುವ ಸಂಖ್ಯೆಯನ್ನು ಪಾಲಿಸುತ್ತದೆ. ಸಾಮಾನ್ಯವಾಗಿ ಅದು 8 ಮೆಗಾಬೈಟ್. ಮಿತಿಯನ್ನು ‘ಅನ್‌ಲಿಮಿಟೆಡ್’ ಮಾಡಿದರೆ 64 ಬಿಟ್ ಇಂಟೆಲ್‌ನಲ್ಲಿ ಥ್ರೆಡ್‌ಗೆ ಸಿಗುವುದು 2 ಮೆಗಾಬೈಟ್. ಹೆಚ್ಚಾಗಲಿ ಎಂದು ಮಾಡಿದ್ದು ಕಡಿಮೆಯಾಗುತ್ತದೆ. ಮಸ್ಲ್ ಯುಲಿಮಿಟ್ಟಿನ ಕಡೆ ನೋಡುವುದಿಲ್ಲ. 1.1.21ರಿಂದ ಅದರ ಡಿಫಾಲ್ಟ್ 128 ಕಿಲೋಬೈಟ್, ಅದಕ್ಕೂ ಮೊದಲು 80.

ಮುಖ್ಯ ಥ್ರೆಡ್‌ಗೆ ಮಾತ್ರ ಎರಡರಲ್ಲೂ ಕರ್ನಲ್ ಕೊಟ್ಟ ದೊಡ್ಡ ಸ್ಟ್ಯಾಕೇ ಇರುತ್ತದೆ. ಹಾಗಾಗಿ ಅದೇ ಫಂಕ್ಷನ್ ಮುಖ್ಯ ಥ್ರೆಡ್‌ನಲ್ಲಿ ಸರಿಯಾಗಿ ಓಡಿ, ವರ್ಕರ್ ಥ್ರೆಡ್‌ನಲ್ಲಿ ಸೆಗ್ಮೆಂಟೇಷನ್ ಫಾಲ್ಟ್ ಆದರೆ ಮೊದಲ ಅನುಮಾನ ಸ್ಟ್ಯಾಕ್ ಮೇಲೆ ಬರಲಿ. ಆಳವಾದ ರಿಕರ್ಷನ್, ಸ್ಟ್ಯಾಕ್ ಮೇಲೆ 64 ಕಿಲೋಬೈಟ್ ಅರೇ, ದೊಡ್ಡ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗಳು ಇಲ್ಲಿನ ಹಳೆಯ ಅಪರಾಧಿಗಳು.

ಸರಿಪಡಿಸುವ ದಾರಿ ಎರಡು. ನಿಮ್ಮದೇ ಕೋಡ್ ಆದರೆ ಪಿಥ್ರೆಡ್_ಆಟ್ರ್_ಸೆಟ್‌ಸ್ಟ್ಯಾಕ್‌ಸೈಜ್ ಕರೆದು ಅಳತೆ ಹೇಳಿ, 1 ಮೆಗಾಬೈಟ್ ಹೆಚ್ಚಿನ ಕೆಲಸಗಳಿಗೆ ಸಾಕು. ಥ್ರೆಡ್ ಹುಟ್ಟಿಸುವುದು ಬೇರೆಯವರ ಲೈಬ್ರರಿಯಾದರೆ, ಅಥವಾ ಸಿ++ನ ಸ್ಟ್ಯಾಂಡರ್ಡ್ ಥ್ರೆಡ್‌ನಂತೆ ಅಳತೆ ಹೇಳಲು ಅವಕಾಶವೇ ಇಲ್ಲದಿದ್ದರೆ, ಲಿಂಕರ್‌ಗೆ -ಝಡ್ ಸ್ಟ್ಯಾಕ್-ಸೈಜ್=1048576 ಎಂಬ ಆಯ್ಕೆ ಕೊಡಿ. ಅದು ಬೈನರಿಯ ಹೆಡರ್‌ನಲ್ಲಿ ಬರೆದಿಟ್ಟ ಸಂಖ್ಯೆಯನ್ನು ಮಸ್ಲ್ ಡಿಫಾಲ್ಟ್ ಆಗಿ ತೆಗೆದುಕೊಳ್ಳುತ್ತದೆ, 8 ಮೆಗಾಬೈಟ್‌ವರೆಗೆ ಮಾತ್ರ. ಜಿಲಿಬ್‌ಸಿಗೆ ಈ ಉಪಾಯವನ್ನು ನೆಚ್ಚಬೇಡಿ. ರಸ್ಟ್ ಬಳಸುವವರಿಗೆ ಈ ತಲೆನೋವು ಕಡಿಮೆ: ಅದರ ಸ್ಟ್ಯಾಂಡರ್ಡ್ ಲೈಬ್ರರಿ ತಾನು ಹುಟ್ಟಿಸುವ ಥ್ರೆಡ್‌ಗೆ ಮಸ್ಲ್‌ನಲ್ಲೂ 2 ಮೆಗಾಬೈಟ್ ಕೇಳುತ್ತದೆ. ಆದರೆ ಒಳಗೆ ಸೇರಿಸಿಕೊಂಡ ಸಿ ಲೈಬ್ರರಿಗಳು ಹುಟ್ಟಿಸುವ ಥ್ರೆಡ್‌ಗಳಿಗೆ ಆ ರಕ್ಷಣೆ ಇಲ್ಲ.

ಡೈನಮಿಕ್ ಬಗೆಯಲ್ಲಿ ಸ್ಟ್ಯಾಕ್ ತಿನ್ನುವ ಒಂದು ಗುಟ್ಟಿನ ಖರ್ಚು ಇದೆ. ಲೇಜಿ ಬೈಂಡಿಂಗ್ ಇದ್ದಾಗ ಶೇರ್ಡ್ ಲೈಬ್ರರಿಯ ಫಂಕ್ಷನನ್ನು ಮೊದಲ ಸಲ ಕರೆದಾಗ ಲೋಡರ್ ಅದರ ವಿಳಾಸ ಹುಡುಕುತ್ತದೆ. ಹುಡುಕುವ ಮೊದಲು ವೆಕ್ಟರ್ ರಿಜಿಸ್ಟರ್‌ಗಳನ್ನೆಲ್ಲ ಆ ಥ್ರೆಡ್‌ನ ಸ್ಟ್ಯಾಕ್ ಮೇಲೆ ಎತ್ತಿಡುತ್ತದೆ. ಎವಿಎಕ್ಸ್-512 ಇರುವ ಪ್ರೋಸೆಸರ್‌ನಲ್ಲಿ ಅದೊಂದಕ್ಕೇ ಎರಡೂವರೆ ಕಿಲೋಬೈಟ್‌ಗೂ ಹೆಚ್ಚು ಬೇಕು. 16 ಕಿಲೋಬೈಟ್ ಸ್ಟ್ಯಾಕ್‌ನ ಥ್ರೆಡ್ ಹಳೆಯ ಮೆಷಿನ್‌ನಲ್ಲಿ ಬದುಕಿ ಹೊಸದರಲ್ಲಿ ಸಾಯಬಹುದು. ಸಮಯಕ್ಕೆ ಸರಿಯಾಗಿ ಉತ್ತರ ಕೊಡಬೇಕಾದ ಥ್ರೆಡ್‌ಗಳಿಗೂ ಈ ಮೊದಲ ಕರೆಯ ವಿಳಂಬ ಒಗ್ಗದು. -ಝಡ್ ನೌ ಎಂದು ಲಿಂಕ್ ಮಾಡಿದರೆ ಹುಡುಕಾಟವೆಲ್ಲ ಶುರುವಿನಲ್ಲೇ ಮುಗಿಯುತ್ತದೆ. ಪೂರ್ತಿ ಸ್ಟ್ಯಾಟಿಕ್ ಬೈನರಿಯಲ್ಲಿ ಈ ಹುಡುಕಾಟವೇ ಇಲ್ಲ.

ಮ್ಯಾಲಕ್ ಮುಂದೆ ಥ್ರೆಡ್‌ಗಳ ಸಾಲು

ಸ್ಟ್ಯಾಟಿಕ್ ಮಸ್ಲ್ ಬಿಲ್ಡ್ ನಿಧಾನ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಮ್ಯಾಲಕ್. ಜಿಲಿಬ್‌ಸಿ 2017ರ 2.26ರಿಂದ ಪ್ರತಿ ಥ್ರೆಡ್‌ಗೂ ಚಿಕ್ಕ ಸಂಗ್ರಹವೊಂದನ್ನು ಇಡುತ್ತದೆ, ಸಣ್ಣ ತುಂಡುಗಳಿಗೆ ಲಾಕ್ ಬೇಕೇ ಆಗುವುದಿಲ್ಲ. ಅದರ ಹಿಂದೆ ಹಲವು ಅರೀನಾಗಳಿವೆ (ಪ್ರತ್ಯೇಕ ಲಾಕ್ ಇರುವ ಮೆಮೊರಿ ಗುಂಪುಗಳು), 64 ಬಿಟ್‌ನಲ್ಲಿ ಗರಿಷ್ಠ ಕೋರ್‌ಗಳ ಎಂಟರಷ್ಟು. ಮಸ್ಲ್‌ನಲ್ಲಿ 1.2.1ರಿಂದ ಬಂದ ಹೊಸ ಅಲೊಕೇಟರ್ ಕೂಡ ಒಂದೇ ಲಾಕ್ ಸುತ್ತ ಕಟ್ಟಿದ್ದು. ಅದರ ಗುರಿ ಚಿಕ್ಕ ಗಾತ್ರ ಮತ್ತು ಮೆಮೊರಿ ಹಾಳುಗೆಡವುವ ದಾಳಿಗಳಿಗೆ ತಡೆ. ಹತ್ತಾರು ಕೋರ್‌ಗಳ ಮೇಲೆ ಪೈಪೋಟಿ ಅದರ ಗುರಿಯಲ್ಲ. ಹದಿನಾರು ಥ್ರೆಡ್ ಒಟ್ಟಿಗೆ ಸಣ್ಣ ಸಣ್ಣ ತುಂಡು ಕೇಳಿದರೆ ಸಾಲಾಗಿ ನಿಲ್ಲುತ್ತವೆ, ಫ್ಯೂಟೆಕ್ಸ್ ಕಾಲ್‌ಗಳು ಏರುತ್ತವೆ, ಕೋರ್ ಹೆಚ್ಚಿಸಿದರೂ ವೇಗ ಹೆಚ್ಚುವುದಿಲ್ಲ.

ಡೈನಮಿಕ್ ಪ್ರೋಗ್ರಾಮಿನಲ್ಲಿ ಬೇರೆ ಅಲೊಕೇಟರ್ ಪರೀಕ್ಷಿಸುವುದು ಒಂದು ಸಾಲಿನ ಕೆಲಸ: ಎಲ್‌ಡಿ_ಪ್ರಿಲೋಡ್‌ನಲ್ಲಿ ಜೆಮ್ಯಾಲಕ್ ಅಥವಾ ಮಿಮ್ಯಾಲಕ್ ಕೊಟ್ಟು ಓಡಿಸಿ. ಸ್ಟ್ಯಾಟಿಕ್ ಬೈನರಿ ಆ ವೇರಿಯಬಲ್‌ಗೆ ಕಿವಿಗೊಡುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಪ್ರಿಲೋಡ್ ಕೊಟ್ಟು ಅಳೆದು ‘ಏನೂ ಬದಲಾಗಲಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಇಲ್ಲಿನ ಸಾಮಾನ್ಯ ತಪ್ಪು. ಸ್ಟ್ಯಾಟಿಕ್‌ನಲ್ಲಿ ಅಲೊಕೇಟರನ್ನು ಲಿಂಕ್ ಸಾಲಿನಲ್ಲಿ ಸಿ ಲೈಬ್ರರಿಗಿಂತ ಮುಂಚೆ ಸೇರಿಸಬೇಕು. ಮಿಮ್ಯಾಲಕ್ ಇದಕ್ಕೆಂದೇ ಒಂದೇ ಆಬ್ಜೆಕ್ಟ್ ಫೈಲ್ ಕೊಡುತ್ತದೆ. ಅದನ್ನು ಸಾಲಿನ ಮೊದಲಿಗೆ ಇಟ್ಟರೆ ಮ್ಯಾಲಕ್, ಫ್ರೀ ಎಲ್ಲವೂ ಅದರಿಂದಲೇ ಬರುತ್ತವೆ. ರಸ್ಟ್‌ನಲ್ಲಾದರೆ ಗ್ಲೋಬಲ್ ಅಲೊಕೇಟರ್ ಎಂಬ ಗುರುತು ಹಾಕಿದರಾಯಿತು.

ಜಿಲಿಬ್‌ಸಿಗೆ ತಿರುಗಿದ ದೂರು ಇದೆ: ಥ್ರೆಡ್ ಹೆಚ್ಚಿದಂತೆ ಮೆಮೊರಿ ಉಬ್ಬುತ್ತದೆ. 64 ಬಿಟ್‌ನಲ್ಲಿ ಮುಖ್ಯ ಅರೀನಾ ಬಿಟ್ಟು ಉಳಿದವು 64 ಮೆಗಾಬೈಟ್‌ನ ವಿಳಾಸ ತುಂಡುಗಳಲ್ಲಿ ಬೆಳೆಯುತ್ತವೆ. ವರ್ಚುವಲ್ ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ, ಆದರೆ ಕಂಟೇನರ್ ಮಿತಿಯೊಳಗೆ ನಿಜವಾದ ಬಳಕೆಯೂ ಏರುತ್ತಿದ್ದರೆ ಮ್ಯಾಲಕ್_ಅರೀನಾ_ಮ್ಯಾಕ್ಸ್ ಅನ್ನು 2 ಅಥವಾ 4ಕ್ಕೆ ಇಳಿಸಿ ನೋಡಿ. ಇದು ಜಿಲಿಬ್‌ಸಿಯ ಎರಡೂ ಬಗೆಗೆ ನಡೆಯುತ್ತದೆ.

ಸ್ಟ್ಯಾಟಿಕ್ ಜಿಲಿಬ್‌ಸಿಯಲ್ಲಿ ನುಸುಳುವ ಎರಡನೇ ಸಿ ಲೈಬ್ರರಿ

ಹೋಸ್ಟ್ ಹೆಸರು ಹುಡುಕುವ ಗೆಟ್‌ಅಡ್ರ್‌ಇನ್ಫೋ, ಬಳಕೆದಾರರ ವಿವರ ತರುವ ಗೆಟ್‌ಪಿಡಬ್ಲ್ಯೂನ್ಯಾಮ್, ಅಕ್ಷರ ಸಂಕೇತ ಬದಲಿಸುವ ಐಕಾನ್ವ್ ಇವು ಜಿಲಿಬ್‌ಸಿಯಲ್ಲಿ ಓಡುವಾಗ ಮಾಡ್ಯೂಲ್‌ಗಳನ್ನು ಲೋಡ್ ಮಾಡಬಲ್ಲವು. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡುವಾಗ ಗೆಟ್‌ಅಡ್ರ್‌ಇನ್ಫೋ ಇದ್ದರೆ ‘ಓಡುವಾಗ ಇದೇ ಆವೃತ್ತಿಯ ಶೇರ್ಡ್ ಲೈಬ್ರರಿಗಳು ಬೇಕು’ ಎಂಬ ಅರ್ಥದ ಎಚ್ಚರಿಕೆ ಬರುತ್ತದೆ. ದೋಷವಲ್ಲವೆಂದು ಜನ ದಾಟಿಹೋಗುತ್ತಾರೆ. ಅಂಥ ಮಾಡ್ಯೂಲ್ ಲೋಡ್ ಆದರೆ ಜೊತೆಗೆ ಡೈನಮಿಕ್ ಸಿ ಲೈಬ್ರರಿಯ ಇನ್ನೊಂದು ಪ್ರತಿಯೂ ಅದೇ ಪ್ರೋಸೆಸ್ಸಿಗೆ ಬರುತ್ತದೆ. ಆವೃತ್ತಿ ಹೊಂದದಿದ್ದರೆ ಮೊದಲ ಹುಡುಕಾಟಕ್ಕೇ ಪ್ರೋಗ್ರಾಮ್ ಬೀಳಬಹುದು. ಇದಕ್ಕೆ ಅಡ್ಡದಾರಿ ಹುಡುಕಬೇಡಿ. ನೆಟ್‌ವರ್ಕ್ ಹೆಸರು ಬೇಕಾದ ಪ್ರೋಗ್ರಾಮ್ ಸ್ಟ್ಯಾಟಿಕ್ ಆಗಲೇಬೇಕಾದರೆ ಮಸ್ಲ್ ಬಳಸಿ. ಅದರ ರಿಸಾಲ್ವರ್ (ಹೆಸರು ಹುಡುಕುವ ಕೋಡ್) ಒಳಗೇ ಇದೆ, ಮಾಡ್ಯೂಲ್ ಎಳೆಯುವುದಿಲ್ಲ. ದೊಡ್ಡ ಡಿಎನ್ಎಸ್ ಉತ್ತರಗಳಿಗೆ ಟಿಸಿಪಿ ಬಳಸುವುದು 1.2.4ರಿಂದ ಬಂದಿರುವ ಕಾರಣ ಅದಕ್ಕಿಂತ ಹಳೆಯದು ಬೇಡ. ಪ್ಲಗಿನ್ ಬೇಕಿದ್ದವರಿಗೆ ಮಸ್ಲ್‌ನ ಸ್ಟ್ಯಾಟಿಕ್ ಬಗೆ ಆಗದು, ಅಲ್ಲಿ ಡಿಎಲ್‌ಓಪನ್ ಕೆಲಸವನ್ನೇ ಮಾಡುವುದಿಲ್ಲ.

ಗೋ ಭಾಷೆಯಲ್ಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ನೆಟ್ ಪ್ಯಾಕೇಜ್ ಸಿಗೋ (ಗೋದಿಂದ ಸಿ ಕೋಡ್ ಕರೆಯುವ ವ್ಯವಸ್ಥೆ) ಮೂಲಕ ಸಿ ರಿಸಾಲ್ವರ್ ಬಳಸಿದಾಗ ಪ್ರತಿ ಕಾಯುವ ಹುಡುಕಾಟವೂ ಒಂದು ನಿಜವಾದ ಆಪರೇಟಿಂಗ್ ಸಿಸ್ಟಮ್ ಥ್ರೆಡ್ ಹಿಡಿದಿಡುತ್ತದೆ. ಸಿಗೋ_ಎನೇಬಲ್ಡ್=0 ಎಂದು ಬಿಲ್ಡ್ ಮಾಡಿದರೆ ಬೈನರಿ ಸ್ಟ್ಯಾಟಿಕ್ ಆಗುವುದರ ಜೊತೆಗೆ ಕಾಯುವುದು ಬರೀ ಗೋರೂಟೀನ್, ಅಂದರೆ ಗೋ ತಾನೇ ನಡೆಸುವ ಹಗುರ ಥ್ರೆಡ್. ಡಿಎನ್ಎಸ್ ನಿಧಾನವಾದಾಗ ಥ್ರೆಡ್ ಸಂಖ್ಯೆ ನೂರಾರಕ್ಕೆ ಏರುವ ಗೋ ಸರ್ವರ್‌ಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಅರೆಬರೆ ಲಿಂಕ್: ಒಂದೇ ಲಾಕ್ ಎರಡಾಗುವುದು

ಒಂದು ಲಾಗಿಂಗ್ ಲೈಬ್ರರಿಯ ಸ್ಟ್ಯಾಟಿಕ್ ಆರ್ಕೈವ್ ಇದೆ. ಅದನ್ನು ಮುಖ್ಯ ಪ್ರೋಗ್ರಾಮಿಗೂ ಸೇರಿಸಿದ್ದೀರಿ, ಪ್ಲಗಿನ್‌ಗೂ ಸೇರಿಸಿದ್ದೀರಿ. ಲೈಬ್ರರಿಯೊಳಗಿನ ಗ್ಲೋಬಲ್ ಮ್ಯೂಟೆಕ್ಸ್ ಈಗ ಎರಡು, ಅದು ಕಾಯುವ ಫೈಲ್ ಒಂದೇ. ಮುಖ್ಯ ಪ್ರೋಗ್ರಾಮಿನ ಥ್ರೆಡ್ ಒಂದು ಮ್ಯೂಟೆಕ್ಸ್ ಹಿಡಿದು ಬರೆಯುತ್ತಿದ್ದರೆ, ಪ್ಲಗಿನ್‌ನ ಥ್ರೆಡ್ ಇನ್ನೊಂದನ್ನು ಹಿಡಿದು ಅದೇ ಹೊತ್ತಿಗೆ ಬರೆಯುತ್ತದೆ. ಇಬ್ಬರೂ ಲಾಕ್ ಹಿಡಿದೇ ಇದ್ದಾರೆ, ಸಾಲುಗಳು ಕಲಸಿಹೋಗಿವೆ. ಕೋಡ್ ಎಷ್ಟು ಓದಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ಕೋಡ್‌ನಲ್ಲಿ ತಪ್ಪಿಲ್ಲ. ‘ಒಮ್ಮೆ ಮಾತ್ರ’ ನಡೆಯಬೇಕಾದ ಇನಿಷಿಯಲೈಸೇಷನ್ ಎರಡು ಸಲ ನಡೆಯುವುದೂ, ಒಂದು ಕಡೆ ಇಟ್ಟ ಥ್ರೆಡ್ ಲೋಕಲ್ ಮೌಲ್ಯ ಇನ್ನೊಂದು ಕಡೆ ಖಾಲಿ ಕಾಣುವುದೂ ಇದೇ ಕಾರಣಕ್ಕೆ.

ಸಿಂಬಲ್‌ಗಳು ಹೊರಗೆ ಕಾಣುವಂತಿದ್ದರೆ ಲೋಡರ್ ಎರಡನ್ನೂ ಒಂದಕ್ಕೇ ಜೋಡಿಸಬಹುದು. ವಿಸಿಬಿಲಿಟಿ ಹಿಡನ್ ಆಗಿದ್ದರೆ ಅಥವಾ ಮುಖ್ಯ ಪ್ರೋಗ್ರಾಮ್ ತನ್ನ ಸಿಂಬಲ್‌ಗಳನ್ನು ಎಕ್ಸ್‌ಪೋರ್ಟ್ ಮಾಡದಿದ್ದರೆ ಜೋಡಿಸುವುದಿಲ್ಲ. ಅಂದರೆ ಒಂದು ಕಂಪೈಲರ್ ಆಯ್ಕೆ ಬದಲಾದರೆ ನಡವಳಿಕೆಯೇ ಬದಲು. ನಿಯಮ ಸರಳವಾಗಿರಲಿ: ಗ್ಲೋಬಲ್ ಸ್ಥಿತಿ, ಲಾಕ್ ಅಥವಾ ಥ್ರೆಡ್ ಪೂಲ್ ಇರುವ ಲೈಬ್ರರಿ ಒಂದಕ್ಕಿಂತ ಹೆಚ್ಚು ಕಡೆ ಬೇಕಾದರೆ ಅದು ಶೇರ್ಡ್ ಆಗಿರಲಿ. ಲೆಕ್ಕ ಮಾಡಿ ಉತ್ತರ ಕೊಡುವ, ನೆನಪಿಟ್ಟುಕೊಳ್ಳದ ಲೈಬ್ರರಿಯನ್ನು ಎಷ್ಟು ಕಡೆ ಬೇಕಾದರೂ ಒಳಗೆ ಸೇರಿಸಿ.

ಜಿಸಿಸಿ ಕಂಪೈಲರ್‌ನ ರನ್‌ಟೈಮನ್ನು ಒಳಗೆ ಸೇರಿಸುವ -ಸ್ಟ್ಯಾಟಿಕ್-ಲಿಬ್‌ಜಿಸಿಸಿ ಆಯ್ಕೆಗೆ ಇನ್ನೊಂದು ಬಲೆ ಇದೆ. ಡೈನಮಿಕ್ ಜಿಲಿಬ್‌ಸಿಯಲ್ಲಿ ಪಿಥ್ರೆಡ್_ಕ್ಯಾನ್ಸಲ್ ಮತ್ತು ಪಿಥ್ರೆಡ್_ಎಕ್ಸಿಟ್ ಸ್ಟ್ಯಾಕ್ ಬಿಚ್ಚಲು ಲಿಬ್‌ಜಿಸಿಸಿ_ಎಸ್ ಎಂಬ ಶೇರ್ಡ್ ಲೈಬ್ರರಿಯನ್ನು ಆ ಕ್ಷಣದಲ್ಲಿ ಲೋಡ್ ಮಾಡುತ್ತವೆ. ಚಿಕ್ಕ ಕಂಟೇನರ್ ಇಮೇಜ್‌ನಲ್ಲೋ ಕ್ರೂಟ್‌ನಲ್ಲೋ ಆ ಫೈಲ್ ಇಲ್ಲದಿದ್ದರೆ, ಅದು ‘ಮಸ್ಟ್ ಬಿ ಇನ್‌ಸ್ಟಾಲ್ಡ್’ ಎಂಬ ಸಾಲು ಮುದ್ರಿಸಿ ಇಡೀ ಪ್ರೋಸೆಸ್ ಅಬಾರ್ಟ್ ಆಗುತ್ತದೆ. ಬೇಕಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಪಟ್ಟಿಯಲ್ಲಿ ಅದರ ಹೆಸರು ಇರುವುದಿಲ್ಲ, ಆದ್ದರಿಂದ ಆ ಪಟ್ಟಿ ನೋಡಿ ಇಮೇಜ್ ಕಟ್ಟಿದವರು ಅದನ್ನು ಬಿಟ್ಟಿರುತ್ತಾರೆ. ಪೂರ್ತಿ ಸ್ಟ್ಯಾಟಿಕ್ ಜಿಲಿಬ್‌ಸಿಯಲ್ಲಿ ಈ ತೊಂದರೆ ಇಲ್ಲ. ಮಸ್ಲ್ ಸ್ಟ್ಯಾಕ್ ಬಿಚ್ಚುವುದೇ ಇಲ್ಲ; ಕ್ಲೀನಪ್ ಹ್ಯಾಂಡ್ಲರ್‌ಗಳನ್ನು ಮಾತ್ರ ಓಡಿಸುತ್ತದೆ, ಸಿ++ ಡಿಸ್ಟ್ರಕ್ಟರ್‌ಗಳು ಓಡುವುದಿಲ್ಲ. ಡಿಸ್ಟ್ರಕ್ಟರ್‌ನಲ್ಲಿ ಲಾಕ್ ಬಿಡುವ ಸಿ++ ಕೋಡ್ ಥ್ರೆಡ್ ಕ್ಯಾನ್ಸಲ್ ಬಳಸುತ್ತಿದ್ದರೆ ಮಸ್ಲ್‌ಗೆ ಬರುವ ಮೊದಲು ಆ ಅಭ್ಯಾಸ ಬಿಡಬೇಕು.

ಲೋಡರ್‌ನ ಲಾಕ್

ಡೈನಮಿಕ್ ಬಗೆಯಲ್ಲಿ ಮಾತ್ರ ಇರುವ ಡೆಡ್‌ಲಾಕ್ ಒಂದಿದೆ. ಡಿಎಲ್‌ಓಪನ್ ಲೋಡರ್‌ನ ಲಾಕ್ ಹಿಡಿದುಕೊಂಡೇ ಲೈಬ್ರರಿಯ ಕನ್‌ಸ್ಟ್ರಕ್ಟರ್‌ಗಳನ್ನು ಓಡಿಸುತ್ತದೆ. ಕನ್‌ಸ್ಟ್ರಕ್ಟರ್ ಒಂದು ಥ್ರೆಡ್ ಹುಟ್ಟಿಸಿ ಅದು ಸಿದ್ಧವಾಗಲೆಂದು ಕಾಯುತ್ತದೆ. ಆ ಹೊಸ ಥ್ರೆಡ್ ತಾನೂ ಡಿಎಲ್‌ಓಪನ್ ಕರೆಯುತ್ತದೆ. ಇಬ್ಬರೂ ಶಾಶ್ವತವಾಗಿ ಕಾಯುತ್ತಾರೆ. ಥ್ರೆಡ್ ಪೂಲನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಹುಟ್ಟಿಸದೆ ‘ಶುರುಮಾಡು’ ಎಂಬ ಪ್ರತ್ಯೇಕ ಫಂಕ್ಷನ್‌ನಲ್ಲಿ ಹುಟ್ಟಿಸುವುದು ಇದಕ್ಕೆ ಮದ್ದು.

ವಿಂಡೋಸ್‌ನಲ್ಲಿ ಡಿಎಲ್‌ಎಲ್ (ಅಲ್ಲಿನ ಶೇರ್ಡ್ ಲೈಬ್ರರಿ) ಲೋಡ್ ಆದಾಗ ಓಡುವ ಡಿಎಲ್‌ಎಲ್‌ಮೇನ್ ಒಳಗೆ ಥ್ರೆಡ್‌ಗಾಗಿ ಕಾಯುವುದೂ ಇದೇ ಗುಂಡಿ. ಅಲ್ಲಿ /ಎಂಟಿ ಎಂದು ಸಿ ರನ್‌ಟೈಮನ್ನು ಸ್ಟ್ಯಾಟಿಕ್ ಆಗಿ ಸೇರಿಸಿದರೆ ಪ್ರತಿ ಡಿಎಲ್‌ಎಲ್‌ಗೂ ಅದರದೇ ರನ್‌ಟೈಮ್ ಪ್ರತಿ ಬರುತ್ತದೆ. ಅಂಥ ಡಿಎಲ್‌ಎಲ್‌ನಲ್ಲಿ ಡಿಸೇಬಲ್‌ಥ್ರೆಡ್‌ಲೈಬ್ರರಿಕಾಲ್ಸ್ ಕರೆಯಬಾರದು, ಏಕೆಂದರೆ ಥ್ರೆಡ್ ಬಂದದ್ದು ಹೋದದ್ದು ತಿಳಿಯದಿದ್ದರೆ ಸ್ಟ್ಯಾಟಿಕ್ ರನ್‌ಟೈಮ್ ಸರಿಯಾಗಿ ಕೆಲಸ ಮಾಡದು. ಹಲವು ಡಿಎಲ್‌ಎಲ್ ಇರುವ ಪ್ರೋಗ್ರಾಮಿಗೆ /ಎಂಡಿ (ಡೈನಮಿಕ್ ರನ್‌ಟೈಮ್), ಒಂಟಿ ಎಕ್ಸಿಕ್ಯೂಟಬಲ್‌ಗೆ ಮಾತ್ರ /ಎಂಟಿ. ಮ್ಯಾಕ್‌ನಲ್ಲಿ ಈ ಚರ್ಚೆಗೇ ಎಡೆಯಿಲ್ಲ: ಅಲ್ಲಿನ ಸಿಸ್ಟಮ್ ಲೈಬ್ರರಿ ಡೈನಮಿಕ್ ಆಗಿ ಮಾತ್ರ ಸಿಗುತ್ತದೆ.

ಸಿ++ ಎಕ್ಸೆಪ್ಷನ್‌ಗಳನ್ನು ಹಲವು ಥ್ರೆಡ್‌ಗಳು ಒಟ್ಟಿಗೆ ಎಸೆದಾಗಲೂ ಹಿಂದೆ ಲೋಡರ್‌ನ ಲಾಕ್‌ಗೆ ಸಾಲು ನಿಲ್ಲಬೇಕಿತ್ತು. ಜಿಲಿಬ್‌ಸಿ 2.35 ಮತ್ತು ಜಿಸಿಸಿ 12 ಜೋಡಿ ಅದನ್ನು ಲಾಕ್ ಇಲ್ಲದ ಹುಡುಕಾಟವಾಗಿ ಬದಲಿಸಿತು. ಎಕ್ಸೆಪ್ಷನ್ ಧಾರಾಳವಾಗಿ ಬಳಸುವ ಸರ್ವರ್‌ಗೆ ಲಿಂಕಿಂಗ್ ಬಗೆ ಬದಲಿಸುವುದಕ್ಕಿಂತ ಈ ಆವೃತ್ತಿಗಳಿಗೆ ಏರುವುದು ಲಾಭ.

ದೋಷ ಹುಡುಕುವ ಉಪಕರಣಗಳು

ಥ್ರೆಡ್‌ಗಳ ನಡುವಿನ ಪೈಪೋಟಿ ದೋಷ ಹುಡುಕುವ ಥ್ರೆಡ್ ಸ್ಯಾನಿಟೈಜರ್ ಸ್ಟ್ಯಾಟಿಕ್ ಸಿ ಲೈಬ್ರರಿಯೊಂದಿಗೆ ಕೆಲಸ ಮಾಡುವುದಿಲ್ಲ. ವ್ಯಾಲ್‌ಗ್ರಿಂಡ್‌ನ ಹೆಲ್‌ಗ್ರಿಂಡ್ ಪಿಥ್ರೆಡ್ ಫಂಕ್ಷನ್‌ಗಳನ್ನು ಶೇರ್ಡ್ ಲೈಬ್ರರಿಯಲ್ಲಿ ಅಡ್ಡಗಟ್ಟಿ ನೋಡುತ್ತದೆ, ಸ್ಟ್ಯಾಟಿಕ್ ಬೈನರಿಯಲ್ಲಿ ಅದಕ್ಕೆ ಹಿಡಿತ ಸಿಗದು. ಅಲ್ಲಿ ಸಿಗುವ ‘ಯಾವ ದೋಷವೂ ಇಲ್ಲ’ ಎಂಬ ವರದಿಗೆ ಬೆಲೆಯಿಲ್ಲ. ಆದ್ದರಿಂದ ಹೊರಗೆ ಕಳುಹಿಸುವುದು ಸ್ಟ್ಯಾಟಿಕ್ ಆದರೂ, ಪ್ರತಿ ಬಿಲ್ಡ್‌ನಲ್ಲೂ ಒಂದು ಡೈನಮಿಕ್ ಪ್ರತಿ ಮಾಡಿ ಸ್ಯಾನಿಟೈಜರ್ ಅಡಿಯಲ್ಲಿ ಪರೀಕ್ಷೆ ಓಡಿಸುವ ವ್ಯವಸ್ಥೆ ಇಟ್ಟುಕೊಳ್ಳಿ. ಸ್ಟ್ಯಾಟಿಕ್ ಬೈನರಿಯ ಸಿಂಬಲ್‌ಗಳನ್ನು ಸ್ಟ್ರಿಪ್ ಮಾಡಿದರೆ ಡಿಬಗರ್ ಜಿಡಿಬಿ ಥ್ರೆಡ್ ಪಟ್ಟಿ ತೋರಿಸಿದರೂ ಥ್ರೆಡ್ ಲೋಕಲ್ ವೇರಿಯಬಲ್ ಓದಲಾರದು. ಸ್ಟ್ರಿಪ್ ಮಾಡುವ ಮೊದಲಿನ ಪ್ರತಿಯನ್ನು ತೆಗೆದಿಡಿ.

ಕಳುಹಿಸುವ ಮೊದಲು ಬೈನರಿಯನ್ನೇ ಪರೀಕ್ಷಿಸಿ. ಬೈನರಿಯ ಒಳವಿವರ ತೋರಿಸುವ ರೀಡ್‌ಎಲ್ಫ್ -ಎಲ್ ಕೊಟ್ಟಾಗ ಇಂಟರ್ಪ್ ಎಂಬ ಸಾಲು ಇದ್ದರೆ ಅದು ಡೈನಮಿಕ್, ನೀವು ಸ್ಟ್ಯಾಟಿಕ್ ಎಂದುಕೊಂಡಿದ್ದರೂ ಸಹ. ಅದೇ ಪಟ್ಟಿಯ ಟಿಎಲ್‌ಎಸ್ ಸಾಲಿನ ಮೆಮ್‌ಸೈಜ್ ಆ ಫೈಲ್‌ನ ಥ್ರೆಡ್ ಲೋಕಲ್ ಗಾತ್ರ. ಸ್ಟ್ಯಾಟಿಕ್ ಬೈನರಿಯಲ್ಲಿ ಅದನ್ನು ಥ್ರೆಡ್ ಸಂಖ್ಯೆಯಿಂದ ಗುಣಿಸಿ ನೋಡಿ. ಗ್ನೂ_ಸ್ಟ್ಯಾಕ್ ಸಾಲಿನ ಮೆಮ್‌ಸೈಜ್ ಸೊನ್ನೆ ಇದ್ದರೆ ನಿಮ್ಮ ಸ್ಟ್ಯಾಕ್-ಸೈಜ್ ಆಯ್ಕೆ ಲಿಂಕರನ್ನು ತಲುಪಿಲ್ಲ. ಪ್ಲಗಿನ್‌ಗಳ ಮೇಲೆ ರೀಡ್‌ಎಲ್ಫ್ -ಡಿ ಓಡಿಸಿ, ಫ್ಲ್ಯಾಗ್ಸ್ ಸಾಲಿನಲ್ಲಿ ಸ್ಟ್ಯಾಟಿಕ್_ಟಿಎಲ್‌ಎಸ್ ಕಂಡರೆ ಅದು ಆ 512 ಬೈಟ್‌ಗಾಗಿ ಪೈಪೋಟಿಗೆ ಇಳಿಯುವ ಲೈಬ್ರರಿ. ಕೊನೆಗೆ, ಗರಿಷ್ಠ ಸಂಖ್ಯೆಯ ಥ್ರೆಡ್‌ಗಳನ್ನು ಹುಟ್ಟಿಸಿ ಪ್ರತಿಯೊಂದರಲ್ಲೂ ನಿಮ್ಮ ಅತಿ ಆಳದ ಫಂಕ್ಷನ್ ಓಡಿಸುವ ಪರೀಕ್ಷೆಯನ್ನು ಕಳುಹಿಸುವ ಬೈನರಿಯ ಮೇಲೆಯೇ ನಡೆಸಿ, ಡೆವಲಪರ್ ಲ್ಯಾಪ್‌ಟಾಪ್‌ನ ಡೈನಮಿಕ್ ಬಿಲ್ಡ್ ಮೇಲಲ್ಲ.